ಪೆಟ್ರೋಲು ಗಾಡಿಗೆ ಡೀಸೆಲು ಎಂಜಿನು

ಗೋವೆಯಲ್ಲಿ ನೆಲೆಸಿರುವ ನಮ್ಮ ಕನ್ನಡಿಗರಲ್ಲಿ ವಾಹನದಿಂದಲೇ ಅನ್ನ ಕಾಣುವ ಕುಟುಂಬಗಳು ಅನೇಕ. ವಾಸ್ಕೋದ ಬಂದರಿನ ಸುತ್ತಮುತ್ತ ಸರಕು ಸಾಗಿಸುವವರು, ಬೆಳಗಾವಿಯ ಕಾಯಿಪಲ್ಲೆಯನ್ನು ಮಡಗಾವಿಯ ಪೇಟೆಗೆ ತರುವವರು, ಕಟ್ಟಡಗಳಿಗೆ ಕಲ್ಲು ಇಟ್ಟಿಗೆ ಹೇರುವವರು, ಇವರಲ್ಲಿ ಬಹುಮಂದಿಗೆ ಒಂದು ಹಳೆಯ ಪಿಕಪ್ ಗಾಡಿಯೇ ಹೊಲ, ಅದೇ ಎತ್ತು. ಅಂಥ ಗಾಡಿಯ ಪೆಟ್ರೋಲು ಎಂಜಿನು ಮುದಿಯಾದಾಗ, “ಇದನ್ನು ಇಳಿಸಿ ಡೀಸೆಲು ಎಂಜಿನು ಕೂಡಿಸಿದರೆ ಹೇಗೆ?” ಎಂಬ ಮಾತು ಮನೆಯಲ್ಲಿ ಏಳುವುದುಂಟು. ಈ ಪ್ರಶ್ನೆಯು ಮೇಲುನೋಟಕ್ಕೆ ಗ್ಯಾರೇಜಿಗೆ ಸಂಬಂಧಿಸಿದ್ದು. ವಿಚಾರಿಸಿದರೆ ಇದರಲ್ಲಿ ವಿಜ್ಞಾನವೂ ಇದೆ, ಗಣಿತವೂ ಇದೆ, ಕಾಯಿದೆಯೂ ಇದೆ. ಆದುದರಿಂದ ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಕೂಡಿ ಓದಲೆಂದು ಇದನ್ನು ಬರೆಯುತ್ತಿದ್ದೇನೆ.

1991ರಲ್ಲಿ ನಾನೂ ಈ ಕಾರ್ಯಕ್ಕೆ ಕೈಹಾಕಿದೆನು. ಹಿಂದಿನ ವರ್ಷವಷ್ಟೇ ಕೊಲ್ಲಿ ರಾಷ್ಟ್ರಗಳ ಬಿಕ್ಕಟ್ಟಿನಿಂದ ಪೆಟ್ರೋಲಿನ ಬೆಲೆ ಏರಿತ್ತು. ಡೀಸೆಲಾದರೋ ಸರಕಾರವು ಗೊತ್ತುಪಡಿಸಿದ ಅಗ್ಗದ ದರದಲ್ಲಿ ದೊರೆಯುತ್ತಿತ್ತು. ಬಾಡಿಗೆಯ ಹಣದ ದೊಡ್ಡ ಪಾಲು ಎಣ್ಣೆಗೇ ಹೋಗುವುದನ್ನು ನೋಡಿ ನೋಡಿ ಬೇಸತ್ತು, ಒಂದು ಗ್ಯಾರೇಜಿನಲ್ಲಿ ಹಳೆಯ ಡೀಸೆಲು ಎಂಜಿನೊಂದನ್ನು ಕೊಂಡು ನನ್ನ ಪಿಕಪ್ಪಿಗೆ ಕೂಡಿಸಿದೆನು. ಗಾಡಿ ಚೆನ್ನಾಗಿಯೇ ಎಳೆಯಿತು. ಬ್ರೇಕಿನ ಪೆಡಲು ಮಾತ್ರ ಮೊದಲಿಗಿಂತ ಬಿಗಿಯಾಗಿತ್ತು. ಮೇಸ್ತ್ರಿಯನ್ನು ಕೇಳಿದಾಗ, “ಹೊಸಾ ಲೈನರ್ ಹಾಕೇವ್ರಿ. ಒಂದ್ ವಾರ ಓಡಿಸ್ರಿ, ತಾನಾಗೇ ಮೆತ್ತಗಾಗತೈತಿ” ಎಂದನು. ನಾನು ನಂಬಿದೆನು.

ಜೂನ್ ತಿಂಗಳ ಮೊದಲ ವಾರ. ಬೆಳಗಾವಿಯಿಂದ ಕೋಸುಗಡ್ಡೆಯನ್ನು ಹೇರಿಕೊಂಡು ಅನಮೋಡ ಘಟ್ಟವನ್ನು ಇಳಿಯುತ್ತಿದ್ದೆನು. ಬೇಸಿಗೆಯ ರಜೆಯನ್ನು ಅಜ್ಜಿಯ ಊರಿನಲ್ಲಿ ಕಳೆದು ಶಾಲೆಗೆ ಮರಳುತ್ತಿದ್ದ ನನ್ನ ಎಂಟು ವರ್ಷದ ಮಗಳು ಪಕ್ಕದಲ್ಲಿದ್ದಳು. ಮಳೆ ಹಿಡಿದಿತ್ತು. ಒಂದು ತಿರುವಿನಲ್ಲಿ ಬ್ರೇಕನ್ನು ಒತ್ತಿದರೆ ಪೆಡಲು ಕಲ್ಲಿನಂತೆ ನಿಂತಿತು, ಗಾಡಿ ನಿಲ್ಲಲಿಲ್ಲ. ಎರಡೂ ಕಾಲುಗಳಿಂದ ತುಳಿದು, ಗೇರನ್ನು ಕೆಳಗಿಳಿಸಿ, ಗುಡ್ಡದ ಕಡೆಯ ಚರಂಡಿಗೆ ಗಾಲಿಯನ್ನು ಇಳಿಸಿದೆನು. ಗಾಡಿ ವಾಲಿ ನಿಂತಿತು. ಕೋಸುಗಡ್ಡೆ ರಸ್ತೆಯ ತುಂಬ ಉರುಳಿತು, ನಾವಿಬ್ಬರೂ ಉಳಿದೆವು. ಸ್ವಲ್ಪ ಹೊತ್ತಿನ ಮೇಲೆ ಮಗಳು ಕೇಳಿದಳು: “ಅಪ್ಪಾ, ನೀವು ಬದಲಿ ಮಾಡಿಸಿದ್ದು ಎಂಜಿನ್. ಮತ್ತ ಕೆಟ್ಟಿದ್ದು ಬ್ರೇಕ್ ಯಾಕ?”

ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ತಿಳಿದುಕೊಳ್ಳಲು ಹೊರಟಾಗಲೇ ಈ ವಿಷಯವೆಲ್ಲ ನನಗೆ ತಿಳಿಯಿತು.

ಎರಡು ಎಂಜಿನುಗಳ ಸ್ವಭಾವ

ಪೆಟ್ರೋಲು ಎಂಜಿನಾಗಲಿ ಡೀಸೆಲು ಎಂಜಿನಾಗಲಿ, ಎರಡರಲ್ಲಿಯೂ ಸಿಲಿಂಡರು ಎಂಬ ಗಟ್ಟಿಯಾದ ಕೊಳವೆಯೂ ಅದರೊಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ನು ಎಂಬ ಬೆಣೆಯೂ ಇರುತ್ತವೆ. ಗಾಳಿಯನ್ನು ಒಳಗೆ ಎಳೆಯುವುದು, ಅದನ್ನು ಅದುಮುವುದು, ಎಣ್ಣೆ ಉರಿದು ಬೆಣೆಯನ್ನು ತಳ್ಳುವುದು, ಹೊಗೆಯನ್ನು ಹೊರದೂಡುವುದು ಎಂಬ ನಾಲ್ಕು ಹೆಜ್ಜೆಗಳಲ್ಲಿ ಕೆಲಸ ನಡೆಯುತ್ತದೆ. ಈ ನಾಲ್ಕು ಹೆಜ್ಜೆಗಳ ಎಂಜಿನನ್ನು ಜರ್ಮನಿಯ ನಿಕೊಲಾಸ್ ಓಟೊ 1876ರಲ್ಲಿ ಸಾಧಿಸಿ ತೋರಿಸಿದನು. ಭೇದವಿರುವುದು ಎಣ್ಣೆಗೆ ಕಿಡಿ ತಗಲುವ ರೀತಿಯಲ್ಲಿ.

ಪೆಟ್ರೋಲು ಎಂಜಿನಿನಲ್ಲಿ ಗಾಳಿಯೂ ಪೆಟ್ರೋಲಿನ ಆವಿಯೂ ಬೆರೆತು, ಸುಮಾರು ಏಳರಿಂದ ಹತ್ತರಲ್ಲಿ ಒಂದು ಪಾಲಿನಷ್ಟು ಗಾತ್ರಕ್ಕೆ ಅದುಮಲ್ಪಟ್ಟು, ಸ್ಪಾರ್ಕ್ ಪ್ಲಗ್ಗಿನ ವಿದ್ಯುತ್ ಕಿಡಿಯಿಂದ ಹೊತ್ತಿಕೊಳ್ಳುತ್ತವೆ. ಡೀಸೆಲು ಎಂಜಿನಿನಲ್ಲಿ ಕಿಡಿಯೇ ಇಲ್ಲ. ಅಲ್ಲಿ ಬರಿಯ ಗಾಳಿಯನ್ನು ಒಳಗೆಳೆದು, ಇಪ್ಪತ್ತರಲ್ಲಿ ಒಂದು ಪಾಲಿನವರೆಗೂ ಅದುಮುತ್ತಾರೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಕೆಳತುದಿ ಕೈಗೆ ಬಿಸಿಯಾಗಿ ತಾಗುವುದನ್ನು ಬಾಲಕರೆಲ್ಲರೂ ಬಲ್ಲರು. ಅದುಮಿದ ಗಾಳಿ ಕಾಯುತ್ತದೆಂಬುದಕ್ಕೆ ಅದೇ ಸಾಕ್ಷಿ. ಡೀಸೆಲು ಎಂಜಿನಿನೊಳಗೆ ಈ ಬಿಸಿಯು ಐದು ನೂರು ಡಿಗ್ರಿ ಸೆಂಟಿಗ್ರೇಡನ್ನೂ ಮೀರುತ್ತದೆ. ಆ ಕಾದ ಗಾಳಿಯೊಳಕ್ಕೆ ಡೀಸೆಲನ್ನು ಸಣ್ಣ ಹನಿಗಳಾಗಿ ಚಿಮ್ಮಿಸಿದೊಡನೆ ಅದು ತಾನೇ ಉರಿಯುತ್ತದೆ.

ಈ ಯುಕ್ತಿಗೆ ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರನು 1892ರಲ್ಲಿ ಹಕ್ಕುಪತ್ರವನ್ನು ಕೇಳಿದನು. 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಎಂಜಿನು ಯಶಸ್ವಿಯಾಗಿ ನಡೆಯಿತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥ ಒಂದು ಎಂಜಿನನ್ನು ಶೇಂಗಾ ಎಣ್ಣೆಯಿಂದ ನಡೆಸಿ ತೋರಿಸಿದರೆಂಬುದು ಶೇಂಗಾ ಬೆಳೆಯುವ ಸೀಮೆಯವರಾದ ನಮಗೆ ಸಂತೋಷವನ್ನುಂಟುಮಾಡುವ ಸಂಗತಿ.

ಹೆಚ್ಚು ಅದುಮುವುದರಿಂದ ಎಣ್ಣೆಯ ಶಕ್ತಿಯಲ್ಲಿ ಹೆಚ್ಚಿನ ಭಾಗ ಕೆಲಸಕ್ಕೆ ಒದಗುತ್ತದೆ. ಅಲ್ಲದೆ ಒಂದು ಲೀಟರು ಡೀಸೆಲಿನಲ್ಲಿ ಅಷ್ಟೇ ಪೆಟ್ರೋಲಿಗಿಂತ ನೂರಕ್ಕೆ ಹತ್ತರಷ್ಟು ಹೆಚ್ಚು ಶಕ್ತಿ ಅಡಗಿದೆ. ಡೀಸೆಲು ಗಾಡಿ ಅಷ್ಟೇ ಎಣ್ಣೆಯಲ್ಲಿ ಹೆಚ್ಚು ದೂರ ಹೋಗುವುದಕ್ಕೆ ಇವೆರಡೂ ಕಾರಣ. ಆದರೆ ಅಷ್ಟು ಒತ್ತಡವನ್ನು ತಾಳಬೇಕಾದುದರಿಂದ ಡೀಸೆಲು ಎಂಜಿನನ್ನು ದಪ್ಪವಾಗಿ, ಭಾರವಾಗಿ ಎರಕ ಹೊಯ್ಯಬೇಕಾಗುತ್ತದೆ. ಗಾಡಿಗೆ ಬರುವ ತೊಂದರೆಗಳಲ್ಲಿ ಅನೇಕವು ಈ ಭಾರದಿಂದಲೇ ಹುಟ್ಟುತ್ತವೆ.

ಮಗಳ ಪ್ರಶ್ನೆಗೆ ಉತ್ತರ

ಪೆಟ್ರೋಲು ಎಂಜಿನಿಗೆ ಗಾಳಿ ಹೋಗುವ ದಾರಿಯಲ್ಲಿ ಒಂದು ಬಾಗಿಲುಂಟು. ಚಾಲಕನು ಆಕ್ಸಿಲರೇಟರನ್ನು ಒತ್ತಿದರೆ ಅದು ತೆರೆಯುತ್ತದೆ, ಕಾಲನ್ನು ತೆಗೆದರೆ ಮುಚ್ಚುತ್ತದೆ. ಬಾಗಿಲು ಮುಚ್ಚಿದ್ದರೂ ಪಿಸ್ಟನ್ನುಗಳು ಗಾಳಿಯನ್ನು ಎಳೆಯುತ್ತಲೇ ಇರುವುದರಿಂದ, ಬಾಗಿಲಿನ ಒಳಮಗ್ಗುಲಲ್ಲಿ ಗಾಳಿ ವಿರಳವಾಗಿ ಒಂದು ಬಗೆಯ ಹೀರುಬಲ ಉಂಟಾಗುತ್ತದೆ. ಅನೇಕ ಗಾಡಿಗಳಲ್ಲಿ ಈ ಹೀರುಬಲವನ್ನು ಒಂದು ಕೊಳವೆಯ ಮೂಲಕ ಬ್ರೇಕಿನ ಬೂಸ್ಟರು ಎಂಬ ಡಬ್ಬಿಗೆ ಕೊಟ್ಟಿರುತ್ತಾರೆ. ಚಾಲಕನ ಕಾಲಿನ ಬಲಕ್ಕೆ ಇದು ಕೂಡಿಕೊಂಡು ಬ್ರೇಕು ಸುಲಭವಾಗಿ ಹಿಡಿಯುತ್ತದೆ.

ಡೀಸೆಲು ಎಂಜಿನಿನಲ್ಲಿ ಸಾಮಾನ್ಯವಾಗಿ ಈ ಬಾಗಿಲೇ ಇರುವುದಿಲ್ಲ. ಅಲ್ಲಿ ಗಾಳಿ ಯಾವಾಗಲೂ ಪೂರ್ತಿಯಾಗಿ ಹೋಗುತ್ತದೆ. ವೇಗವನ್ನು ಹೆಚ್ಚುಕಡಿಮೆ ಮಾಡುವುದು ಚಿಮ್ಮಿಸುವ ಎಣ್ಣೆಯ ಅಳತೆಯಿಂದ ಮಾತ್ರ. ಬಾಗಿಲಿಲ್ಲದಲ್ಲಿ ಹೀರುಬಲವೂ ಇಲ್ಲ. ಆದುದರಿಂದಲೇ ಡೀಸೆಲು ಗಾಡಿಗಳಲ್ಲಿ ಗಾಳಿಯನ್ನು ಹೀರುವ ವ್ಯಾಕ್ಯೂಮ್ ಪಂಪೊಂದನ್ನು ಬೇರೆಯಾಗಿ ಇಡುತ್ತಾರೆ. ಅನೇಕ ಗಾಡಿಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೇ ಕೂಡಿರುತ್ತದೆ. ನನ್ನ ಗಾಡಿಗೆ ಆ ಪಂಪನ್ನು ಯಾರೂ ಹಾಕಿರಲಿಲ್ಲ. ಬ್ರೇಕಿನ ಯಾವ ಭಾಗವೂ ಕೆಟ್ಟಿರಲಿಲ್ಲ. ಹಳೆಯ ಎಂಜಿನು ಅದಕ್ಕೆ ಸದ್ದಿಲ್ಲದೆ ಮಾಡುತ್ತಿದ್ದ ಸಹಾಯವು ಆ ಎಂಜಿನಿನೊಡನೆಯೇ ಹೊರಟುಹೋಗಿತ್ತು. ಬಯಲಿನಲ್ಲಿ, ಖಾಲಿ ಗಾಡಿಯಲ್ಲಿ, ಕಾಲಿನ ಬಲವೇ ಸಾಕಾಯಿತು. ಘಟ್ಟದಲ್ಲಿ, ಹೇರು ಗಾಡಿಯಲ್ಲಿ, ಅದು ಸಾಲಲಿಲ್ಲ.

ಜೊತೆಗೆ ಬದಲಾಗತಕ್ಕ ಅಂಗಗಳು

ಎಂಜಿನು ಗಾಡಿಯನ್ನು ಎಳೆಯುವುದಷ್ಟೇ ಅಲ್ಲದೆ ಇನ್ನೂ ಹಲವು ಅಂಗಗಳಿಗೆ ಹೊಂದಿಕೊಂಡಿರುತ್ತದೆ. ಆದುದರಿಂದ ಒಂದನ್ನು ಬದಲಿಸುವವನು ಉಳಿದವನ್ನೂ ಒಂದೊಂದಾಗಿ ವಿಚಾರಿಸಬೇಕು.

ಮೊದಲನೆಯದು ಚಾಸಿ. ಗೋವೆಯಲ್ಲಿ ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರು ಮಳೆ ಬೀಳುತ್ತದೆ. ಕಡಲಿನ ಉಪ್ಪುಗಾಳಿ ಬೇರೆ. ಹಳೆಯ ಗಾಡಿಯ ಚಾಸಿಯು ಮೇಲೆ ಬಣ್ಣದಿಂದ ಹೊಳೆಯುತ್ತಿದ್ದರೂ ಒಳಗೆ ತುಕ್ಕು ತಿಂದಿರಬಹುದು. ಭಾರವಾದ ಎಂಜಿನನ್ನು ಹೊರುವ ಮೊದಲು ಅದನ್ನು ಸುತ್ತಿಗೆಯಿಂದ ತಟ್ಟಿ ನೋಡತಕ್ಕದ್ದು. ಮುಂದಿನ ಸ್ಪ್ರಿಂಗಿನ ಪಾಟಾಗಳೂ ಭಾರಕ್ಕೆ ತಕ್ಕಂತೆ ಇರಬೇಕು.

ಎರಡನೆಯದು ಎಂಜಿನಿಗೂ ಗೇರುಪೆಟ್ಟಿಗೆಗೂ ಇರುವ ಕೂಡುವಿಕೆ. ಎರಡರ ಬೋಲ್ಟುಗಳ ತೂತುಗಳು ಹೊಂದದಿದ್ದರೆ ನಡುವೆ ಒಂದು ಕಬ್ಬಿಣದ ತಟ್ಟೆಯನ್ನು ಕಡೆದು ಹಾಕಬೇಕಾಗುತ್ತದೆ. ಅದು ಕೂದಲೆಳೆಯಷ್ಟು ಓರೆಯಾದರೂ ಕ್ಲಚ್ಚು ಮತ್ತು ಬೇರಿಂಗುಗಳು ಬೇಗನೆ ಸವೆಯುತ್ತವೆ. ಡೀಸೆಲು ಎಂಜಿನು ಹೆಚ್ಚು ಅದುರುವುದರಿಂದ ಅದನ್ನು ಹೊರುವ ರಬ್ಬರಿನ ಆಸರೆಗಳೂ ಬೇರೆ ಬೇಕು.

ಮೂರನೆಯದು ಎಣ್ಣೆಯ ದಾರಿ. ಡೀಸೆಲನ್ನು ಚಿಮ್ಮಿಸುವ ಪಂಪಿನ ಭಾಗಗಳು ಅತಿ ಸೂಕ್ಷ್ಮವಾಗಿ ಹೊಂದಿಕೊಂಡಿರುತ್ತವೆ. ಹಳೆಯ ಟಾಂಕಿಯ ತುಕ್ಕಿನ ಕಣವಾಗಲಿ ಮಳೆಗಾಲದ ನೀರಿನ ಹನಿಯಾಗಲಿ ಅಲ್ಲಿಗೆ ಹೋದರೆ ಪಂಪು ಹಾಳಾಗುತ್ತದೆ. ಟಾಂಕಿಯನ್ನು ತೊಳೆದು, ನೀರನ್ನು ಬೇರ್ಪಡಿಸುವ ಫಿಲ್ಟರನ್ನು ಇಟ್ಟು, ಮಿಕ್ಕ ಎಣ್ಣೆ ಟಾಂಕಿಗೆ ಮರಳಲು ಇನ್ನೊಂದು ಕೊಳವೆಯನ್ನು ಜೋಡಿಸಬೇಕು.

ನಾಲ್ಕನೆಯದು ವಿದ್ಯುತ್ತು. ಅಷ್ಟು ಒತ್ತಡದ ಎದುರಿಗೆ ಎಂಜಿನನ್ನು ತಿರುಗಿಸಲು ದೊಡ್ಡ ಬ್ಯಾಟರಿ, ಬಲವಾದ ಸ್ಟಾರ್ಟರು ಬೇಕು. ಕಿಡಿಯಿಂದ ನಡೆಯುವ ಎಂಜಿನು ಕಿಡಿಯನ್ನು ತಪ್ಪಿಸಿದರೆ ನಿಲ್ಲುತ್ತದೆ. ಡೀಸೆಲು ಎಂಜಿನು ಎಣ್ಣೆಯನ್ನು ತಡೆದರೆ ಮಾತ್ರ ನಿಲ್ಲುತ್ತದೆ. ಅದಕ್ಕೆ ಎಳೆಯುವ ತಂತಿಯನ್ನಾದರೂ ವಿದ್ಯುತ್ತಿನ ತಡೆಯನ್ನಾದರೂ ಇಡದೆ ವಿಧಿಯಿಲ್ಲ. ಕೊನೆಯದಾಗಿ, ನಾನು ಮೊದಲು ನೋಡಬೇಕಾಗಿದ್ದೂ ನೋಡದೆ ಬಿಟ್ಟದ್ದೂ ಆದ ಬ್ರೇಕು.

ಹಿಂದೆ ನಡೆದ ಬದಲಾವಣೆಗಳು

ಈ ಕೆಲಸವು ನಮ್ಮ ಕಾಲದಲ್ಲಿ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಪೀಟರ್‌ಬರೋ ಪಟ್ಟಣದಲ್ಲಿ 1932ರಲ್ಲಿ ಆರಂಭವಾದ ಪರ್ಕಿನ್ಸ್ ಸಂಸ್ಥೆಯು ಲಾರಿಗಳಿಗೆ ಹೊಂದುವಷ್ಟು ಹಗುರವಾದ, ಚುರುಕಾಗಿ ತಿರುಗುವ ಡೀಸೆಲು ಎಂಜಿನುಗಳನ್ನು ಕಟ್ಟಿ ಹೆಸರಾಯಿತು. ಅವನ್ನು ಪೆಟ್ರೋಲು ಲಾರಿಗಳಿಗೆ ಕೂಡಿಸುವ ರೂಢಿ ಹಲವು ದೇಶಗಳಲ್ಲಿ ಬೆಳೆಯಿತು. 1950ರ ದಶಕದಲ್ಲಿ ಮದರಾಸಿನ ಸಿಂಪ್ಸನ್ ಸಂಸ್ಥೆಯು ಆ ನಮೂನೆಯ ಎಂಜಿನುಗಳನ್ನು ನಮ್ಮ ದೇಶದಲ್ಲಿಯೇ ತಯಾರಿಸತೊಡಗಿತು. 1954ರಿಂದ ಜಮಶೇಡಪುರದಲ್ಲಿ ಟಾಟಾ ಮರ್ಸಿಡಿಸ್-ಬೆಂಜ್ ಡೀಸೆಲು ಲಾರಿಗಳು ಹೊರಬರತೊಡಗಿದವು. ಹೀಗೆ ಭಾರದ ಗಾಡಿಗಳಲ್ಲಿ ಪೆಟ್ರೋಲು ಹಿಂದೆ ಸರಿಯಿತು.

ಸಣ್ಣ ಗಾಡಿಗಳಲ್ಲಿ ಜೀಪಿನ ಕತೆ ಬೋಧಪ್ರದವಾಗಿದೆ. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆಯು ಮುಂಬಯಿಯಲ್ಲಿ ವಿಲೀಸ್ ಜೀಪುಗಳನ್ನು ಜೋಡಿಸಲು ಆರಂಭಿಸಿತು. ಮುಂದೆ ಬಹುಕಾಲ ಇವುಗಳಲ್ಲಿ ಹರಿಕೇನ್ ಎಂಬ ಹೆಸರಿನ, ಸುಮಾರು 2.2 ಲೀಟರು ಗಾತ್ರದ, ನಾಲ್ಕು ಸಿಲಿಂಡರುಗಳ ಪೆಟ್ರೋಲು ಎಂಜಿನು ನಡೆಯಿತು. ಪೆಟ್ರೋಲು ದುಬಾರಿಯಾದಂತೆ ಟ್ರ್ಯಾಕ್ಟರಿನ ವಂಶದ ಡೀಸೆಲು ಎಂಜಿನು ಜೀಪಿಗೆ ಬಂದಿತು. ಅದು ಗಟ್ಟಿಮುಟ್ಟಾಗಿದ್ದರೂ ನಿಧಾನವಾಗಿ ತಿರುಗುವಂಥದು. 1980ರ ದಶಕದಲ್ಲಿ ಫ್ರಾನ್ಸಿನ ಪೂಜೋ ಸಂಸ್ಥೆಯ ನಮೂನೆಯ 2,112 ಘನ ಸೆಂಟಿಮೀಟರಿನ ಡೀಸೆಲು ಎಂಜಿನು ದೊರೆಯಿತು. ಗಾತ್ರದಲ್ಲಿ ಇದು ಹಳೆಯ ಹರಿಕೇನಿಗೆ ಹತ್ತಿರದ್ದೇ. ಹಳೆಯ ಪೆಟ್ರೋಲು ಜೀಪುಗಳನ್ನು ಇಟ್ಟುಕೊಂಡಿದ್ದ ಎಷ್ಟೋ ಮಂದಿ ಇಂಥ ಎಂಜಿನುಗಳನ್ನು ಕೊಂಡು ತಮ್ಮ ಗಾಡಿಗೆ ಕೂಡಿಸಿಕೊಂಡರು.

ಇದರಿಂದ ಕಲಿಯತಕ್ಕ ಪಾಠವೊಂದಿದೆ. ಒಂದೇ ಗಾಡಿಯನ್ನು ಕಾರ್ಖಾನೆಯೇ ಪೆಟ್ರೋಲಿನಲ್ಲಿಯೂ ಡೀಸೆಲಿನಲ್ಲಿಯೂ ಮಾಡಿ ಮಾರಿದ್ದರೆ, ಆಸರೆ, ಗೇರು, ಪಾಟಾ, ರೇಡಿಯೇಟರು ಇವೆಲ್ಲವುಗಳ ಸರಿಯಾದ ಅಳತೆಯನ್ನು ಎಂಜಿನಿಯರರು ಆಗಲೇ ಕಂಡುಹಿಡಿದಿರುತ್ತಾರೆ. ಅಲ್ಲಿ ಬದಲಾವಣೆ ಸಾಧ್ಯ. ಎಲ್ಲಿಯೋ ಸಿಕ್ಕಿದ ಎಂಜಿನನ್ನು ಯಾವುದೋ ಗಾಡಿಗೆ ಬೆಸೆಯುವಲ್ಲಿ ಆ ಪರೀಕ್ಷೆಯನ್ನೆಲ್ಲ ಗಾಡಿಯೊಳಗೆ ಕುಳಿತವರೇ ತಮ್ಮ ಪ್ರಾಣವನ್ನು ಒಡ್ಡಿ ಮಾಡಬೇಕಾಗುತ್ತದೆ.

ಲಾಭದ ಲೆಕ್ಕ

ಈಗ ವಿದ್ಯಾರ್ಥಿಗಳು ಪಾಟಿಯನ್ನು ಹಿಡಿಯಲಿ. ಲೆಕ್ಕಕ್ಕಾಗಿ ಪೆಟ್ರೋಲಿಗೆ ಲೀಟರಿಗೆ 95 ರೂಪಾಯಿ, ಡೀಸೆಲಿಗೆ 88 ರೂಪಾಯಿ ಎಂದಿಟ್ಟುಕೊಳ್ಳೋಣ. ಗಾಡಿ ಪೆಟ್ರೋಲಿನಲ್ಲಿ ಲೀಟರಿಗೆ 8 ಕಿಲೋಮೀಟರು, ಡೀಸೆಲಿನಲ್ಲಿ 12 ಕಿಲೋಮೀಟರು ಓಡಲಿ. ಎಂಜಿನು ಮತ್ತು ಕೂಲಿ ಸೇರಿ ಒಂದೂವರೆ ಲಕ್ಷ ರೂಪಾಯಿ ಖರ್ಚಾಗಲಿ.

ತಿಂಗಳಿಗೆ 1,200 ಕಿಲೋಮೀಟರು ಓಡುವ ಗಾಡಿಗೆ 150 ಲೀಟರು ಪೆಟ್ರೋಲು ಬೇಕು. ಬೆಲೆ 14,250 ರೂಪಾಯಿ. ಡೀಸೆಲಾದರೆ 100 ಲೀಟರು. ಬೆಲೆ 8,800 ರೂಪಾಯಿ. ಉಳಿತಾಯ 5,450 ರೂಪಾಯಿ. ಹಾಕಿದ ಹಣ ಮರಳಲು ಸುಮಾರು ಇಪ್ಪತ್ತೇಳೂವರೆ ತಿಂಗಳು ಬೇಕು. ಅದೇ ಗಾಡಿ ತಿಂಗಳಿಗೆ 400 ಕಿಲೋಮೀಟರು ಮಾತ್ರ ಓಡುವುದಾದರೆ ಇದರ ಮೂರು ಪಟ್ಟು ಕಾಲ, ಎಂದರೆ ಹೆಚ್ಚುಕಡಿಮೆ ಏಳು ವರ್ಷ ಬೇಕಾಗುತ್ತದೆ. ಮೊದಲೇ ಮುದಿಯಾದ ಗಾಡಿಯು ಇನ್ನೂ ಏಳು ವರ್ಷ ಬಾಳುವುದೆಂದು ಯಾರು ಹೇಳಬಲ್ಲರು?

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಎರಡು ಎಣ್ಣೆಗಳ ಬೆಲೆಯೂ 95 ರೂಪಾಯಿಯೇ ಆಗಿದ್ದರೆ ಮೊದಲನೆಯ ಲೆಕ್ಕದಲ್ಲಿ ಉಳಿತಾಯ 4,750 ರೂಪಾಯಿ ಆಗುತ್ತಿತ್ತು. ಎಂದರೆ ಬೆಲೆಯ ಅಂತರದಿಂದ ಬರುವುದು 700 ರೂಪಾಯಿ ಮಾತ್ರ. ಹಿಂದೆ ಹೀಗಿರಲಿಲ್ಲ, ಡೀಸೆಲಿನ ಅಗ್ಗದ ದರವನ್ನು ನೆಚ್ಚಿಯೇ ಜನರು ಎಂಜಿನನ್ನು ಬದಲಿಸುತ್ತಿದ್ದರು. ಆ ದರವು ಶಾಶ್ವತವಾಗಿರಲಿಲ್ಲ. 2012ರಲ್ಲಿ ಗೋವಾ ಸರಕಾರವು ಪೆಟ್ರೋಲಿನ ಮೇಲಿನ ತೆರಿಗೆಯನ್ನು ಬಹುಮಟ್ಟಿಗೆ ತೆಗೆದುಹಾಕಿದಾಗ ಲೀಟರಿಗೆ ಸುಮಾರು 11 ರೂಪಾಯಿ ಒಮ್ಮೆಗೇ ಇಳಿಯಿತು. ಆ ತೆರಿಗೆ ಮುಂದೆ ಪುನಃ ಏರಿತು. 2014ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು ಡೀಸೆಲಿನ ದರದ ಮೇಲಿನ ಹತೋಟಿಯನ್ನೂ ಬಿಟ್ಟಿತು. ಬೆಲೆಯ ಅಂತರವನ್ನೇ ನಂಬಿ ಸಾಲ ಮಾಡಿದವನ ಲೆಕ್ಕವು ಹೀಗೆ ತನ್ನ ಕೈಯಲ್ಲಿಲ್ಲದ ಕಾರಣದಿಂದ ತಲೆಕೆಳಗಾಗುತ್ತದೆ.

ಕಾಯಿದೆ ಮತ್ತು ಹೊಗೆ

ನನ್ನ ಎರಡನೆಯ ತಪ್ಪು ಕಾಗದದ್ದು. ವ್ಯಾಕ್ಯೂಮ್ ಪಂಪು ಹಾಕಿಸಿದ ಮೇಲೆ ಗಾಡಿ ಕೆಲವು ವರ್ಷ ಚೆನ್ನಾಗಿ ದುಡಿಯಿತು. ಮಾರಹೋದಾಗ ಕೊಳ್ಳುವವನು ನೋಂದಣಿ ಪುಸ್ತಕವನ್ನು ತೆರೆದು ಎಂಜಿನಿನ ಸಂಖ್ಯೆಯನ್ನು ಹೋಲಿಸಿ ನೋಡಿದನು. ಪುಸ್ತಕದಲ್ಲಿ ಒಂದು, ಎಂಜಿನಿನ ಮೇಲೆ ಇನ್ನೊಂದು. ಅವನು ಮಾತಾಡದೆ ಎದ್ದುಹೋದನು. “ಕಾಗದಪತ್ರ ಆಮೇಲೆ ನೋಡೋಣ” ಎಂದು ಮುಂದೂಡಿದ್ದರ ಫಲ ಅದು.

1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದ ಪ್ರಕಾರ, ತಯಾರಕರು ಗೊತ್ತುಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. ಎಂಜಿನನ್ನು ಬದಲಿಸುವುದಕ್ಕೆ ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ಒಪ್ಪಲಾಗದೆಂದು ಸ್ಪಷ್ಟಪಡಿಸಿತು. ಒಪ್ಪಿಗೆಯಿಲ್ಲದ ಎಂಜಿನಿನ ಗಾಡಿ ಅಪಘಾತಕ್ಕೆ ಸಿಕ್ಕಿದರೆ ವಿಮೆಯ ಹಣಕ್ಕೂ ತಕರಾರು ಬರುತ್ತದೆ. ಆದುದರಿಂದ ಸಾರಿಗೆ ಕಚೇರಿಗೆ ಹೋಗಬೇಕಾದುದು ಹಳೆಯ ಎಂಜಿನನ್ನು ಇಳಿಸುವ ಮೊದಲು, ಇಳಿಸಿದ ಮೇಲೆ ಅಲ್ಲ.

ಹೊಗೆಯ ವಿಚಾರವನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕು. ಡೀಸೆಲಿನ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಮಂಡಲಿಯು 2012ರಲ್ಲಿ ನಿರ್ಣಯಿಸಿತು. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ 6 ಎಂಬ ನಿಯಮ ಜಾರಿಗೆ ಬಂದು, ಹೊಸ ಡೀಸೆಲು ಗಾಡಿಗಳಲ್ಲಿ ಮಸಿಯನ್ನು ತಡೆಯುವ ಸಾಧನಗಳನ್ನು ಅಳವಡಿಸುತ್ತಿದ್ದಾರೆ. ಗುಜರಿಯಿಂದ ತಂದ ಹಳೆಯ ಎಂಜಿನಿನಲ್ಲಿ ಅವು ಇರುವುದಿಲ್ಲ. ಅದರ ಹೊಗೆಯನ್ನು ಕುಡಿಯುವವರು ಆ ಬೀದಿಯ ಮಕ್ಕಳೇ.

ನಾನು ಕಂಡುಕೊಂಡದ್ದು

ಇಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಹೀಗೆ ಹೇಳುತ್ತೇನೆ: ಗಾಡಿ ದಿನವೂ ದೂರ ಓಡುವಂಥದೇ? ಚಾಸಿ ಗಟ್ಟಿಯಾಗಿದೆಯೇ? ಅದೇ ಗಾಡಿಯನ್ನು ಕಾರ್ಖಾನೆ ಡೀಸೆಲಿನಲ್ಲಿಯೂ ಮಾಡಿತ್ತೇ? ಸಾರಿಗೆ ಕಚೇರಿಯವರು ಬರಹದಲ್ಲಿ ಒಪ್ಪಿಗೆ ಕೊಟ್ಟರೇ? ಈ ನಾಲ್ಕಕ್ಕೂ ಹೌದೆಂಬ ಉತ್ತರ ಬಂದರೆ ಮುಂದುವರಿಯಬಹುದು. ಒಂದಕ್ಕೆ ಇಲ್ಲವೆಂದು ಬಂದರೂ ಹಳೆಯ ಪೆಟ್ರೋಲು ಎಂಜಿನನ್ನೇ ಬೋರು ಮಾಡಿಸಿ, ಹೊಸ ಪಿಸ್ಟನ್ನು ಹಾಕಿಸಿ ನಡೆಸುವುದು ಮೇಲು. ಅದರಲ್ಲಿ ಗೇರು, ಬ್ರೇಕು, ಕಾಗದ ಯಾವುದನ್ನೂ ಕದಲಿಸಬೇಕಾಗಿಲ್ಲ. ಸಾಲ ಮಾಡಲೇಬೇಕಾದಲ್ಲಿ, ಹಳೆಯದನ್ನು ಮಾರಿ ಕಾರ್ಖಾನೆಯಿಂದಲೇ ಡೀಸೆಲಾಗಿ ಬಂದ ಗಾಡಿಯನ್ನು ಕೊಳ್ಳುವ ಯೋಚನೆಯನ್ನೂ ತೂಗಿ ನೋಡಬೇಕು.

ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ಮನೆಯಲ್ಲಿ ಇಂಥ ಮಾತು ಎದ್ದರೆ ಮೇಲಿನ ಲೆಕ್ಕವನ್ನು ನಿಮ್ಮ ಗಾಡಿಯ ಅಂಕಿಗಳಿಂದ ಮಾಡಿ ತಂದೆಯವರ ಮುಂದಿಡಿ. ಗ್ಯಾರೇಜಿಗೆ ಜೊತೆಯಲ್ಲಿ ಹೋದರೆ, “ಬ್ರೇಕಿಗೆ ಹೀರುಬಲ ಎಲ್ಲಿಂದ ಬರುತ್ತದೆ?” ಎಂದು ಸಂಕೋಚವಿಲ್ಲದೆ ಕೇಳಿರಿ. ಚಿಕ್ಕವರು ಕೇಳುವ ಪ್ರಶ್ನೆಯನ್ನು ದೊಡ್ಡವರು ಹಗುರವಾಗಿ ನೋಡಬಾರದು. ಆ ಮಳೆಯ ಸಂಜೆ ನನ್ನ ಮಗಳು ಚರಂಡಿಯ ಬದಿಯಲ್ಲಿ ನಿಂತು ಕೇಳಿದ್ದನ್ನು, ಪೆಡಲು ಬಿಗಿಯಾದ ಮೊದಲ ದಿನವೇ ನಾನು ಮೇಸ್ತ್ರಿಯನ್ನು ಕೇಳಿ ಉತ್ತರ ಸಿಗುವವರೆಗೆ ಬಿಡದಿದ್ದರೆ, ಆಕೆಯನ್ನು ಆ ಗಾಡಿಯಲ್ಲಿ ಘಟ್ಟ ಇಳಿಸುತ್ತಲೇ ಇರಲಿಲ್ಲ.